ಕೊಲಂಬಿಯಾದ ಹಿಂದೆ ಹಿಂದೆ: ನೆರೂಲ್, ಫಾತೋರ್ಡಾ, ಮತ್ತೆ ನೆರೂಲ್

ಅಕ್ಟೋಬರ್ 12, 2022, ಬುಧವಾರ. ನೆರೂಲ್, ನವಿ ಮುಂಬೈ

ನಮ್ಮ ಮನೆಯ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ನಿಂತರೆ ಡಿ.ವೈ. ಪಾಟೀಲ್ ಸ್ಟೇಡಿಯಂನ ದೀಪ ಕಾಣುತ್ತದೆ. ಐಪಿಎಲ್ ದಿನಗಳಲ್ಲಿ ಆ ದೀಪ ಹತ್ತಿತು ಅಂದರೆ ನನಗೆ ಗೊತ್ತಾಗುತ್ತಿದ್ದದ್ದು ಒಂದೇ. ಇವತ್ತು ಎಲ್‌ಪಿ ಜಂಕ್ಷನ್ ಹತ್ತಿರ ರಿಕ್ಷಾ ಸಿಗುವುದಿಲ್ಲ. ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದೇನೆ, ಒಂದು ಸಲವೂ ಒಳಗೆ ಕಾಲಿಟ್ಟವಳಲ್ಲ. ಇವತ್ತು ಮಗಳು ಕೈಹಿಡಿದು ಎಳೆದುಕೊಂಡು ಹೋದಳು.

ಮಗಳು ಎಂಟನೇ ಕ್ಲಾಸು. ಶಾಲೆಯ ಫುಟ್‌ಬಾಲ್ ಟೀಮಿನಲ್ಲಿ ಡಿಫೆಂಡರ್. ಎತ್ತರ ಇದ್ದಾಳೆ ಅಂತ ಹಿಂದೆ ನಿಲ್ಲಿಸಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಹಾಗಂದಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಈ ವರ್ಷ ಅವಳಿಗೆ ಒಂದರ ಮೇಲೊಂದು ಪೆಟ್ಟು. ಜನವರಿಯಲ್ಲಿ ಮಹಿಳೆಯರ ಏಷ್ಯನ್ ಕಪ್ ಇದೇ ಮೈದಾನಕ್ಕೆ ಬಂದಿತ್ತು. ಭಾರತ ಮೊದಲ ಪಂದ್ಯದಲ್ಲಿ ಇರಾನ್ ಜೊತೆ 0-0. ಎರಡನೇ ಪಂದ್ಯಕ್ಕೆ ಮುಂಚೆ ನಮ್ಮ ಟೀಮಿನಲ್ಲಿ 12 ಜನಕ್ಕೆ ಕೊರೋನಾ. ಆಡಲು ಜನವೇ ಇಲ್ಲ, ಟೂರ್ನಿಯಿಂದಲೇ ಹೊರಗೆ. ಆಮೇಲೆ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್. ಭಾರತದಲ್ಲಿ ನಡೆಯುವ ಮೊದಲ ಫೀಫಾ ಮಹಿಳಾ ಟೂರ್ನಿ ಇದು. 2020ರಲ್ಲೇ ಆಗಬೇಕಿತ್ತು, ಕೊರೋನಾದಿಂದ ಹೋಯಿತು. ಈ ಆಗಸ್ಟಿನಲ್ಲಿ ಫೀಫಾ ನಮ್ಮ ಫುಟ್‌ಬಾಲ್ ಫೆಡರೇಶನ್ನನ್ನೇ ಅಮಾನತು ಮಾಡಿ, ವಿಶ್ವಕಪ್ ಇಲ್ಲಿ ಇಲ್ಲ ಅಂದುಬಿಟ್ಟಿತು. ತಿಂಗಳ ಕೊನೆಗೆ ಅಮಾನತು ತೆಗೆದರು. ನಮ್ಮನೆ ಕ್ಯಾಲೆಂಡರಿನಲ್ಲಿ ಅಕ್ಟೋಬರ್ ಹಾಳೆಯ ಮೇಲೆ ಮಗಳು ಹಾಕಿದ್ದ ಗುರುತು, ಅದನ್ನು ಹೊಡೆದುಹಾಕಿದ ಗೀಟು, ಗೀಟಿನ ಮೇಲೆ ಮತ್ತೆ ಗುರುತು, ಎಲ್ಲ ಹಾಗೇ ಇದೆ.

ನಿನ್ನೆ ಭುವನೇಶ್ವರದಲ್ಲಿ ಭಾರತ ಅಮೆರಿಕಾ ಎದುರು 8-0 ಸೋತಿತು. ಬೆಳಿಗ್ಗೆ ಉಪ್ಪಿಟ್ಟು ತಟ್ಟೆಯಲ್ಲೇ ಆರಿತು.

ಅದಕ್ಕೇ ಇವತ್ತಿನ ಸ್ಪೇನ್–ಕೊಲಂಬಿಯಾ ಪಂದ್ಯಕ್ಕೆ ಹೋಗಲು ನಾನು ಒಪ್ಪಿದ್ದು. ಸ್ಪೇನ್ 2018ರ ಚಾಂಪಿಯನ್. ಮಗಳು ಕೊಲಂಬಿಯಾ ಕಡೆ. ಯಾಕೆ ಅಂದರೆ ಲಿಂಡಾ ಕೈಸೆಡೊ. ಆ ಹುಡುಗಿಗೆ 17 ವರ್ಷ. ಜುಲೈನಲ್ಲಿ ದೊಡ್ಡವರ ಕೋಪಾ ಅಮೆರಿಕಾ, ಅಂದರೆ ದಕ್ಷಿಣ ಅಮೆರಿಕಾದ ದೇಶಗಳ ಕಪ್, ಆಡಿ ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಅನ್ನಿಸಿಕೊಂಡಳು. ಆಗಸ್ಟಿನಲ್ಲಿ ಕೋಸ್ಟರಿಕಾಕ್ಕೆ ಹೋಗಿ 20 ವರ್ಷದೊಳಗಿನವರ ವಿಶ್ವಕಪ್ ಆಡಿದಳು. ಅಕ್ಟೋಬರಿನಲ್ಲಿ ಇಲ್ಲಿ. 15 ವರ್ಷದವಳಿದ್ದಾಗ ಅಂಡಾಶಯದ ಕ್ಯಾನ್ಸರ್ ಆಗಿತ್ತಂತೆ, ಆಪರೇಶನ್ ಮಾಡಿಸಿಕೊಂಡು ಗುಣವಾಗಿ ಬಂದವಳು. ಮಗಳು ಇದನ್ನೆಲ್ಲ ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದಳು. ನನಗೆ ಮಾತ್ರ ಆ ಹುಡುಗಿಯ ತಾಯಿಯೇ ಕಣ್ಣ ಮುಂದೆ ಬರುತ್ತಿದ್ದಳು.

ಪಂದ್ಯ 1-0. ಗೆದ್ದದ್ದು ಸ್ಪೇನ್. ನಡೆದುಕೊಂಡೇ ಮನೆಗೆ ಬಂದೆವು.

"ಪುಟ್ಟಿ, ನೀನು ಯಾರ ಕಡೆ ನಿಂತರೂ ಅವರು ಸೋಲ್ತಾರಲ್ಲೇ" ಅಂದೆ.

"ಒಂದೇ ಗೋಲು ಅಮ್ಮ. ಸ್ಪೇನ್‌ಗೆ ಎಷ್ಟು ಕಷ್ಟ ಆಯ್ತು ನೋಡಲಿಲ್ವಾ?"

ನಾನು ನೋಡಿರಲಿಲ್ಲ. ನಾನು ಚೆಂಡನ್ನೇ ನೋಡುತ್ತಿದ್ದೆ. ಚೆಂಡನ್ನು ಬಿಟ್ಟು ಉಳಿದವರನ್ನು ನೋಡಬೇಕಂತೆ.

ಅಕ್ಟೋಬರ್ 18, ಮಂಗಳವಾರ

ಈ ವಾರ ಮೈದಾನದ ಕಡೆ ತಲೆ ಹಾಕಲಿಲ್ಲ. ಆಫೀಸು, ಮನೆ ಸುಣ್ಣ-ಧೂಳು, ಚಕ್ಕುಲಿ ಹಿಟ್ಟು. ಮಗಳು ಮೊಬೈಲಿನಲ್ಲಿ ನೋಡಿ ಅಡುಗೆಮನೆ ಬಾಗಿಲಿಗೆ ಬಂದು ವರದಿ ಒಪ್ಪಿಸುತ್ತಿದ್ದಳು. ಭಾರತ ಮೊರಾಕ್ಕೊ ಎದುರು 3-0, ಬ್ರೆಜಿಲ್ ಎದುರು 5-0. ಮೂರು ಪಂದ್ಯ, 16 ಗೋಲು, ನಮ್ಮದು ಒಂದೂ ಇಲ್ಲ. ಕ್ಯಾಪ್ಟನ್ ಅಸ್ತಮ್ ಒರಾಂವ್ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿ ಹುಡುಗಿ. ಬೈಯುವವರು ಬೈದರು. ನನಗೆ ಮಾತ್ರ, ಮನೆಯಲ್ಲಿ ಇದೇ ವಯಸ್ಸಿನ ಕಡೆ ಹೊರಟಿರುವ ಹುಡುಗಿ ಇರುವುದರಿಂದಲೋ ಏನೋ, ಒಂದು ಮಾತೂ ಆಡಲು ಮನಸ್ಸಾಗಲಿಲ್ಲ.

ಅತ್ತ ಕೊಲಂಬಿಯಾ ಚೀನಾವನ್ನು 2-0, ಮೆಕ್ಸಿಕೊವನ್ನು 2-1 ಸೋಲಿಸಿತು. ಮೆಕ್ಸಿಕೊ ಎದುರು ಸ್ಪೇನ್ ಸೋತಿತ್ತು. ಕೂಡಿ ಕಳೆದು ನೋಡಿದರೆ ಸೋತು ಶುರು ಮಾಡಿದ ಕೊಲಂಬಿಯಾ ಗುಂಪಿನಲ್ಲಿ ಮೊದಲು, ಸ್ಪೇನ್ ಎರಡನೆಯದು. ಕೊಲಂಬಿಯಾದ ಕ್ವಾರ್ಟರ್‌ಫೈನಲ್ ಗೋವಾದಲ್ಲಿ.

"ಫಾತೋರ್ಡಾದಲ್ಲಿ ಅಮ್ಮ! ದೊಡ್ಡವ್ವನ ಮನೆ ಹತ್ತಿರ!"

ನಮ್ಮಕ್ಕ ಮಡಗಾಂವಿನ ಫಾತೋರ್ಡಾದಲ್ಲೇ ಇರುವುದು. ಭಾವ ಧಾರವಾಡ ಬಿಟ್ಟು ಅಲ್ಲಿ ಪೇಂಟಿಂಗ್ ಕಾಂಟ್ರ್ಯಾಕ್ಟ್ ಹಿಡಿದು ಹದಿನೈದು ವರ್ಷವಾಯಿತು. ದೀಪಾವಳಿಗೆ ಬಾ ಅಂತ ಅಕ್ಕ ಪ್ರತಿ ವರ್ಷ ಕರೆಯುತ್ತಾಳೆ. ಪ್ರತಿ ವರ್ಷ ನಾನು ಒಂದು ನೆಪ ಹೇಳುತ್ತೇನೆ. ಈ ವರ್ಷ ನೆಪ ಅವಳ ಕಡೆಗೇ ವಾಲಿತು.

ಅಕ್ಟೋಬರ್ 21, ಶುಕ್ರವಾರ

ಹೊರಡುವ ದಿನವೇ ನೆರೂಲಿನಲ್ಲಿ ಎರಡು ಕ್ವಾರ್ಟರ್‌ಫೈನಲ್. ಚೀಲ ಕಟ್ಟಿಟ್ಟು ಅದಕ್ಕೂ ಹೋದೆವು. ಜರ್ಮನಿ ಬ್ರೆಜಿಲನ್ನು 2-0 ಸೋಲಿಸಿತು. ಅಮೆರಿಕಾ–ನೈಜೀರಿಯಾ ಪಂದ್ಯ 1-1ಕ್ಕೆ ನಿಂತು ನೇರ ಪೆನಾಲ್ಟಿಗೆ ಹೋಯಿತು. ಈ ವಯಸ್ಸಿನವರ ಟೂರ್ನಿಯಲ್ಲಿ ಹೆಚ್ಚುವರಿ ಸಮಯ ಇಲ್ಲವಂತೆ. ಆಗ ನೈಜೀರಿಯಾದವರು ಅಷ್ಟು ಹೊತ್ತು ಆಡಿದ್ದ ಗೋಲ್‌ಕೀಪರನ್ನು ಹೊರಗೆ ಕರೆದು, ಪೆನಾಲ್ಟಿ ಹಿಡಿಯಲೆಂದೇ ಫೇತ್ ಒಮಿಲಾನಾ ಎಂಬ ಹುಡುಗಿಯನ್ನು ಇಳಿಸಿದರು. ಮದುವೆ ಅಡುಗೆಯಲ್ಲಿ ಹೋಳಿಗೆ ಬೇಯಿಸಲು ಬೇರೆ ಕೈ ಕರೆಸುವ ಹಾಗೆ! ಕೆಲಸವೂ ಹಾಗೇ ಆಯಿತು. ಅಮೆರಿಕಾ ಮನೆಗೆ.

ಪನ್ವೇಲಿಗೆ ಲೋಕಲ್. ಅಲ್ಲಿಂದ ಮಧ್ಯರಾತ್ರಿ ಮೀರಿ ಕೊಂಕಣ ಕನ್ಯಾ ಎಕ್ಸ್‌ಪ್ರೆಸ್. ಹಬ್ಬದ ರಶ್ಶು, ಟಿಕೆಟ್ ಆರ್‌ಎಸಿಯಲ್ಲೇ ಉಳಿದಿತ್ತು. ಸೈಡ್ ಲೋಯರ್ ಸೀಟೊಂದರಲ್ಲಿ ಇಬ್ಬರೂ ಕಾಲು ಮಡಚಿ ಕೂತೆವು. ಸ್ವಲ್ಪ ಹೊತ್ತಿಗೆ ಮಗಳು ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ಕಾಲು ಪ್ಯಾಸೇಜಿಗೆ ಚಾಚಿ ಹೋಗಿಬರುವವರಿಗೆಲ್ಲ ತಾಗುತ್ತಿತ್ತು. ಡಿಫೆಂಡರ್ ಅಲ್ವಾ.

ಅಕ್ಟೋಬರ್ 22, ಶನಿವಾರ. ಮಡಗಾಂವ್

ಕೊಂಕಣ ರೈಲ್ವೆಯಲ್ಲಿ ಈ ವರ್ಷ ಅಕ್ಟೋಬರ್ ಕೊನೆವರೆಗೂ ಮಳೆಗಾಲದ ವೇಳಾಪಟ್ಟಿ. ಗುಡ್ಡ ಕುಸಿಯುವ ಭಯಕ್ಕೆ ಗಾಡಿಗಳು ಸಾವಕಾಶವಾಗಿ ಹೋಗುತ್ತವೆ. ಬೇಸರವೇನೂ ಆಗಲಿಲ್ಲ. ಬೆಳಕು ಹರಿದ ಮೇಲೆ ಕಿಟಕಿಯ ತುಂಬ ಹಸಿರು, ಸುರಂಗ, ಮತ್ತೆ ಹಸಿರು. ಸುರಂಗ ಬಂದಾಗಲೆಲ್ಲ ಎದುರು ಸೀಟಿನ ಅಜ್ಜಿ ಮಾತು ನಿಲ್ಲಿಸಿ, ಬೆಳಕು ಬಂದ ತಕ್ಷಣ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಯವ್ವಾ, ಎಷ್ಟ್ ಉದ್ದ ಆಗ್ಯಾಳ ಈಕಿ! ಬಾ ಒಳಗ, ಮೊದಲ ಕೈಕಾಲ್ ತೊಳ್ಕೋರಿ." ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ತಿಂದು ಕೈತೊಳೆದವರೇ ಮೈದಾನಕ್ಕೆ ಹೊರಟೆವು.

"ನೀನೂ ಬಾ ಅಕ್ಕ."

"ಅಯ್ಯ, ನನಗೇನ್ ತಿಳೀತದವಾ. ನಾ ಇಲ್ಲೇ ಕೇಳ್ತೇನಿ."

ಕೇಳ್ತೇನಿ ಅಂದದ್ದು ತಮಾಷೆಗಲ್ಲ. ಮೈದಾನ ಅವರ ಮನೆಯಿಂದ ಹತ್ತು ನಿಮಿಷದ ದಾರಿ. ಇಲ್ಲಿನ ಫುಟ್‌ಬಾಲ್ ಕ್ಲಬ್ ಎಫ್‌ಸಿ ಗೋವಾದ ಪಂದ್ಯ ಇದ್ದ ದಿನ ಕೂಗು ಅಡುಗೆಮನೆವರೆಗೂ ಬರುತ್ತದಂತೆ. ಕೂಗಿನ ಮೇಲೇ ಗೋಲು ಯಾರದು ಅಂತ ಅಕ್ಕ ಹೇಳಬಲ್ಲಳು. ನಮ್ಮವರದಾದರೆ ಕೂಗು ಮೇಲೆ ಹೋಗಿ ನಿಲ್ಲುತ್ತದೆ, ಅವರದಾದರೆ ಒಮ್ಮೆ 'ಓ' ಅಂದು ಕುಸಿಯುತ್ತದೆ. ಹದಿನೈದು ವರ್ಷ ಕೇಳಿದ್ದಾಳೆ. ಒಳಗೆ ಹೋಗಿಲ್ಲ.

ಫಾತೋರ್ಡಾದ ಜವಾಹರಲಾಲ್ ನೆಹರು ಮೈದಾನ ನಮ್ಮ ನೆರೂಲಿನದರ ಮುಂದೆ ಸಣ್ಣದು. ಆದರೆ ಇಲ್ಲಿ ಕೂತವರಿಗೆ ಆಟ ಗೊತ್ತು. ನೆರೂಲಿನಲ್ಲಿ ಚೆಂಡು ಗೋಲಿನ ಹತ್ತಿರ ಬಂದಾಗ ಮಾತ್ರ ಕೂಗು. ಇಲ್ಲಿ ನಡು ಮೈದಾನದಲ್ಲಿ ಒಬ್ಬಳು ಒಳ್ಳೆ ಪಾಸ್ ಕೊಟ್ಟರೂ ಚಪ್ಪಾಳೆ. ನಮ್ಮ ಹಿಂದೆ ಕೂತಿದ್ದ, ಫ್ರಾಕ್ ತೊಟ್ಟಿದ್ದ ಹಿರಿಯ ಹೆಂಗಸೊಬ್ಬರು ಮಗಳ ಜೊತೆ ಹಿಂದಿಯಲ್ಲಿ ಮಾತಿಗಿಳಿದರು. ಅವರ ಕಾಲದಲ್ಲೂ ಗೋವಾದ ಹುಡುಗಿಯರು ಆಡುತ್ತಿದ್ದರಂತೆ. ಇಲ್ಲಿನ ಯೋಲಾಂಡಾ ಡಿಸೋಜಾ ಭಾರತಕ್ಕೇ ಆಡಿದವರು. 1983ರಲ್ಲಿ ಭಾರತದ ಹೆಂಗಸರು ಏಷ್ಯಾದಲ್ಲಿ ಎರಡನೇ ಸ್ಥಾನಕ್ಕೆ ಬಂದಿದ್ದರು ಅಂತ ಅವರು ಹೇಳಿದಾಗ ಮಗಳು ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ.

ಎದುರಾಳಿ ಟಾಂಜಾನಿಯಾ. ಈ ವಿಶ್ವಕಪ್ಪಿಗೆ ಮೊದಲ ಸಲ ಬಂದವರು, ಬಂದವರೇ ಫ್ರಾನ್ಸನ್ನು ಸೋಲಿಸಿ ಎಂಟರ ಘಟ್ಟ ಮುಟ್ಟಿದವರು. ಗೋವಾದ ಜನ ಅರ್ಧಕ್ಕರ್ಧ ಅವರ ಕಡೆಗೇ ಇದ್ದರು. ಆದರೂ ಕೊಲಂಬಿಯಾ 3-0. ನಾನು ಮಗಳು ಹೇಳಿದ ಹಾಗೆ ಚೆಂಡು ಬಿಟ್ಟು ನೋಡಲು ಹೋದೆ. ಲಿಂಡಾ ಚೆಂಡು ಇಲ್ಲದಾಗ ಸುಮ್ನೆ ನಡೆಯುತ್ತಾಳೆ, ಸಂತೆಗೆ ಬಂದವಳ ಹಾಗೆ. ಹಟಾತ್ತನೆ ಓಡುತ್ತಾಳೆ. ಅವಳ ಜೊತೆ ಮೂರು ಜನ ಓಡುತ್ತಾರೆ. ಮೂವರು ಬಿಟ್ಟುಬಂದ ಜಾಗ ಖಾಲಿ ಬೀಳುತ್ತದೆ. ಇಷ್ಟು ಕಂಡಿತು. ದೊಡ್ಡ ಲೆಕ್ಕ ಬಿಡಿಸಿದಷ್ಟು ಖುಷಿಯಾಯಿತು.

ಆಮೇಲೆ ಸ್ಪೇನ್–ಜಪಾನ್. ಇಲ್ಲಿ ನಾನೊಂದು ತಪ್ಪು ಮಾಡಿದೆ. ಜಪಾನ್ 1-0 ಮುಂದಿತ್ತು. 85 ನಿಮಿಷ ಆಗಿತ್ತು. ರಾತ್ರಿ ರೈಲಿನ ನಿದ್ದೆ ಕಣ್ಣಲ್ಲಿ ಮರಳಿನ ಹಾಗೆ ಚುಚ್ಚುತ್ತಿತ್ತು. ಮನೆಯಲ್ಲಿ ಅಕ್ಕ ಕಾಯುತ್ತಿದ್ದಳು. "ಏಳು, ಗದ್ದಲ ಆಗೋ ಮುಂಚೆ ಹೊರಡೋಣ, ಇನ್ನೇನಿದೆ" ಅಂತ ಎಬ್ಬಿಸಿದೆ. ಮಗಳು ಬೇಡ ಬೇಡ ಅಂದಳು. ನಾನು ಕೇಳಲಿಲ್ಲ. ಮೆಟ್ಟಿಲು ಇಳಿದಾಗ ಒಂದು ಕೂಗು. ಗೇಟಿನ ಹೊರಗೆ, ಚಹಾ ಗಾಡಿಯ ಹತ್ತಿರ ಬಂದಾಗ ಇನ್ನೊಂದು, ಮೊದಲಿನದಕ್ಕಿಂತ ಜೋರು. ವಿಕಿ ಲೋಪೆಸ್ 87ನೇ ನಿಮಿಷದಲ್ಲಿ ಒಂದು, ಹಿಂದೆಯೇ ಕೊನೆಗಳಿಗೆಯಲ್ಲಿ ಮತ್ತೊಂದು ಹೊಡೆದಿದ್ದಳು. ಸ್ಪೇನ್ 2-1.

ಮನೆವರೆಗೆ ಮಗಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬಾಗಿಲು ತೆರೆದ ಅಕ್ಕ ಕೇಳಿದ ಮೊದಲ ಮಾತು: "ಎರಡ್ ಗೋಲ್ ಆದ್ವಲ್ಲ, ಹೊಡೆದವರು ಯಾರು?"

ಮನೆಯೊಳಗಿದ್ದವಳಿಗೂ ಗೊತ್ತಾಗಿತ್ತು. ಟಿಕೆಟ್ ತಗೊಂಡು ಹೋದ ನಾವು ನೋಡಿರಲಿಲ್ಲ.

ಅಕ್ಟೋಬರ್ 23, ಭಾನುವಾರ

ಬೆಳಿಗ್ಗೆ ಕೋಲ್ವಾ ಬೀಚು. ಮಗಳ ಸಿಟ್ಟು ಸಮುದ್ರ ನೋಡಿದ ಮೇಲೆ ಅರ್ಧ ಇಳಿಯಿತು, ಐಸ್‌ಕ್ರೀಮಿಗೆ ಉಳಿದರ್ಧ.

ಮಧ್ಯಾಹ್ನ ಮೆಲ್ಬರ್ನಿನಲ್ಲಿ ಭಾರತ–ಪಾಕಿಸ್ತಾನ ಟಿ20 ವಿಶ್ವಕಪ್ ಪಂದ್ಯ. ಭಾವ ಬೆಳಿಗ್ಗೆಯಿಂದಲೇ ರಿಮೋಟನ್ನು ಜೇಬಿನಲ್ಲಿಟ್ಟುಕೊಂಡಿದ್ದರು. 31ಕ್ಕೆ 4 ಆದಾಗ ಟಿವಿ ಆರಿಸಿ ಹೊರಗೆ ಹೋದರು. ಎರಡು ನಿಮಿಷಕ್ಕೆ ವಾಪಸ್ ಬಂದು ಮತ್ತೆ ಹಾಕಿದರು. ಕೊಹ್ಲಿ 53 ಚೆಂಡಿಗೆ 82, ಔಟಾಗಲಿಲ್ಲ. ಕೊನೆ ಚೆಂಡಿನಲ್ಲಿ ಗೆಲುವು. ಊರು ತುಂಬ ಪಟಾಕಿ. ಮಗಳೂ ಕುಣಿದಳು. ಕುಣಿದು ಮುಗಿಸಿ, "ದೊಡ್ಡಪ್ಪ, ನೀವು ಎದ್ದು ಹೋಗಿದ್ರಿ, ಆದ್ರೆ ವಾಪಸ್ ಬಂದ್ರಿ" ಅಂದಳು. ನನ್ನ ಕಡೆ ನೋಡಲೇ ಇಲ್ಲ.

ರಾತ್ರಿ ಗೋವಾದ ನರಕಾಸುರರು. ಬಿದಿರು, ಹುಲ್ಲು, ಕಾಗದದಿಂದ ಕಟ್ಟಿದ ರಾಕ್ಷಸರು ಓಣಿ ಓಣಿಯಲ್ಲಿ ನಿಂತಿರುತ್ತಾರೆ. ಕೋರೆಹಲ್ಲು, ಕೆಂಪು ಕಣ್ಣು. ಒಂದೊಂದು ಎರಡು ಮಹಡಿ ಎತ್ತರ. ಇಡೀ ರಾತ್ರಿ ಡೋಲು, ಸ್ಪೀಕರು. ಬೆಳಗಿನ ಜಾವ ಸುಡುತ್ತಾರೆ. ನಮ್ಮ ಕಡೆ ನರಕ ಚತುರ್ದಶಿ ಅಂದರೆ ನೀರು ತುಂಬಿ, ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವುದು, ಅಷ್ಟೇ. ಸತ್ತವನಿಗೆ ಇಷ್ಟು ಚೆಂದದ ರೂಪ ಕೊಡುವುದು ಇಲ್ಲಿ ಮಾತ್ರ. ಅಕ್ಕನ ಓಣಿಯ ನರಕಾಸುರನ ಕಾಲ ಬುಡದಲ್ಲಿ ಯಾರೋ ಹುಡುಗರು ಒಂದು ಹಳೇ ಫುಟ್‌ಬಾಲ್ ಇಟ್ಟಿದ್ದರು.

ಅಕ್ಟೋಬರ್ 24, ಸೋಮವಾರ

ನಸುಕಿನಲ್ಲಿ ಅಕ್ಕ ನನ್ನನ್ನೂ ಸೇರಿಸಿ ಎಲ್ಲರಿಗೂ ಎಣ್ಣೆ ಒತ್ತಿದಳು. ಪಕ್ಕದ ಮನೆಯಿಂದ ಬೆಲ್ಲದ ಅವಲಕ್ಕಿ ಬಂತು. ನಮ್ಮ ಕರಜಿಕಾಯಿ ಅಲ್ಲಿಗೆ ಹೋಯಿತು. ಸಂಜೆ ಲಕ್ಷ್ಮಿ ಪೂಜೆ. ಫುಟ್‌ಬಾಲ್ ಇಲ್ಲ, ನಿದ್ದೆ ಇತ್ತು.

ಅಕ್ಟೋಬರ್ 25, ಮಂಗಳವಾರ

ಅಮಾವಾಸ್ಯೆ, ಜೊತೆಗೆ ಸೂರ್ಯಗ್ರಹಣ. ಹೊತ್ತು ಮುಳುಗುವ ಮುಂಚೆ ಹಿಡಿಯುತ್ತದೆ ಅಂತ ಅಕ್ಕ ಮಧ್ಯಾಹ್ನವೇ ಒಲೆ ಆರಿಸಿ, ಉಪ್ಪಿನಕಾಯಿ ಭರಣಿಯ ಮೇಲೂ ದರ್ಭೆ ಇಟ್ಟಳು. ಮನೆಯಲ್ಲಿ ಕೂತರೆ ಹಸಿವು ಜಾಸ್ತಿ ಅಂತ ನಾವಿಬ್ಬರೂ ಗ್ರಹಣಕ್ಕೆ ಮುಂಚೆ ಸುತ್ತಾಡಿ ಬರಲು ಹೊರಟೆವು.

ಕಟ್ಟುತ್ತಿರುವ ಬಿಲ್ಡಿಂಗ್ ಒಂದರ ಪಕ್ಕದ ಖಾಲಿ ಜಾಗದಲ್ಲಿ ಮಕ್ಕಳು ಆಡುತ್ತಿದ್ದವು. ಕನ್ನಡ ಕಿವಿಗೆ ಬಿತ್ತು. "ಏ, ಬಾಲ್ ಇಲ್ಲಿ ಒಗಿಯೋ!" ಗದಗ, ಬಾಗಲಕೋಟೆ, ವಿಜಯಪುರದಿಂದ ಕೆಲಸಕ್ಕೆ ಬಂದವರ ಮಕ್ಕಳು. ಗೋವಾದಲ್ಲಿ ಗೋಡೆ ಏಳುವ ಕಡೆಯಲ್ಲೆಲ್ಲ ನಮ್ಮ ಜನ. ಮಕ್ಕಳ ಬಾಯಲ್ಲಿ ಬೈಗುಳ ಕೊಂಕಣಿ, ಜಗಳ ಕನ್ನಡ, ಲೆಕ್ಕ ಹಿಂದಿ. ಎರಡು ಇಟ್ಟಿಗೆ ಗುಡ್ಡೆಯ ನಡುವೆ ಗೋಲು. ಅಲ್ಲಿ ನಿಂತಿದ್ದ ಹುಡುಗಿಗೆ ಹತ್ತು ವರ್ಷ ಇರಬಹುದು. ಬರಿಗಾಲು. ಹವಾಯಿ ಚಪ್ಪಲಿ ಎರಡನ್ನೂ ಕೈಗೆ ಹಾಕಿಕೊಂಡು ಚೆಂಡು ತಡೆಯುತ್ತಿದ್ದಳು.

ನನ್ನ ಮಗಳನ್ನೂ ಸೇರಿಸಿಕೊಂಡರು. ಮೂರು ಸಲ ಹೊಡೆದಳು, ಮೂರನ್ನೂ ಚಪ್ಪಲಿ ತಡೆಯಿತು. ನಾಲ್ಕನೆಯದು ಚಪ್ಪಲಿಗೆ ತಾಗಿ ಹಾರಿ ಮರಳು ಗುಡ್ಡೆಗೆ ಹೋಯಿತು.

"ಅಕ್ಕಾ, ನೀವು ಯಾ ಕಡೆ ನೋಡ್ತೀರೋ ಆ ಕಡೆನ ಬರ್ತದ" ಅಂದಳು ಆ ಹುಡುಗಿ.

ಅಷ್ಟರಲ್ಲಿ ಮೇಲಿನಿಂದ ಯಾರೋ ತಾಯಿ ಗ್ರಹಣ ಹಿಡೀತು ಅಂತ ಕೂಗಿದಳು. ಕ್ಷಣಾರ್ಧದಲ್ಲಿ ಮೈದಾನ ಖಾಲಿ. ನಾವೂ ಓಡಿದೆವು.

ಅಕ್ಟೋಬರ್ 26, ಬುಧವಾರ

ಬಲಿಪಾಡ್ಯಮಿ. ಧಾರವಾಡದಲ್ಲಿದ್ದಾಗಿನ ಹಾಗೆಯೇ ಅಕ್ಕ ಹೊಸ್ತಿಲ ಹತ್ತಿರ ಸೆಗಣಿಯ ಪಾಂಡವರನ್ನು ಕೂರಿಸಿದಳು. ಮಡಗಾಂವಿನಲ್ಲಿ ಸೆಗಣಿ ಎಲ್ಲಿಂದ ತಂದಳೋ, ಕೇಳಿದರೆ "ಅದೆಲ್ಲ ನಿನಗ್ಯಾಕ" ಅಂದಳು. ಉತ್ತರಾಣಿ ಕಡ್ಡಿ ಸಿಕ್ಕಿಸಿ, ಚೆಂಡುಹೂವು ಏರಿಸಿದಳು. ಮಗಳು ಒಂದು ದೊಡ್ಡ ಹಳದಿ ಚೆಂಡುಹೂವನ್ನು ಎತ್ತಿಟ್ಟುಕೊಂಡು, "ಇದು ಕೊಲಂಬಿಯಾಕ್ಕೆ" ಅಂದಳು.

ಸಂಜೆ ನಾಲ್ಕೂವರೆಗೆ ಸೆಮಿಫೈನಲ್, ಕೊಲಂಬಿಯಾ–ನೈಜೀರಿಯಾ. ನಾವು ಚಪ್ಪಲಿ ಮೆಟ್ಟುವಾಗ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಹೋಳಿಗಿ ಆಗ್ಯಾವ. ಸಾರು ಆಗೇದ. ನಿಮ್ಮ ಭಾವ ತಾವ ಬಡಿಸ್ಕೊಂಡ್ ಉಣ್ತಾರಂತ. ನಾನೂ ಬರ್ಲೇನು?"

ಯಾಕೆ ಮನಸ್ಸು ಬದಲಾಯಿತು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಮತ್ತೆ ಒಳಗೆ ಹೋಗಿಬಿಡುತ್ತಿದ್ದಳು. ಇಳಕಲ್ ಸೀರೆ, ಹಬ್ಬದ ಬಳೆ, ತಲೆಯಲ್ಲಿ ಅಬ್ಬಲಿಗೆ. ಸ್ಟೇಡಿಯಂನ ಮೆಟ್ಟಿಲು ಹತ್ತಿ ಹಸಿರು ಮೈದಾನ ಕಂಡಾಗ ಅಲ್ಲೇ ನಿಂತಳು. ಹಿಂದಿನವರು ಕಾಯುತ್ತಿದ್ದರು.

"ಇಷ್ಟ್ ಸಮೀಪ ಇತ್ತೇನs ಇದು" ಅಂದಳು.

ಪಂದ್ಯ ಒಂದು ಗೋಲೂ ಇಲ್ಲದೆ ಸಾಗಿತು. ಹಿಂದಿನ ನಾನಾಗಿದ್ದರೆ ಏನೂ ಆಗಲಿಲ್ಲ ಅನ್ನುತ್ತಿದ್ದೆ. ನೈಜೀರಿಯಾದ ಹುಡುಗಿಯರು ಬಲದಲ್ಲಿ ಮುಂದು. ಲಿಂಡಾಳಿಗೆ ಚೆಂಡು ಬಂದ ಕೂಡಲೇ ಇಬ್ಬರು ಗೋಡೆ ಹಾಗೆ ನಿಲ್ಲುತ್ತಿದ್ದರು. ಅವಳು ನಕ್ಕು ಹಿಂದಕ್ಕೆ ಕೊಟ್ಟು, ಇನ್ನೊಂದು ಕಡೆಯಿಂದ ಬರುತ್ತಿದ್ದಳು. ಅಕ್ಕ ಆಟ ನೋಡುವ ರೀತಿ ಬೇರೆ. ಯಾರಾದರೂ ಬಿದ್ದರೆ "ಅಯ್ಯ ಶಿವನ" ಅನ್ನುವಳು, ಎದ್ದರೆ ಉಸಿರು ಬಿಡುವಳು. ಯಾವ ಟೀಮು ಅಂತ ಭೇದವಿಲ್ಲ. "ಇವರ ಅವ್ವಂದಿರು ಎಲ್ಲಿ ಕುಂತಾರ?" ಅಂತ ಕೇಳಿದಳು. ಹೆಚ್ಚಿನವರು ಊರಲ್ಲೇ ಟಿವಿ ಮುಂದೆ ಇರಬಹುದು ಅಂದೆ. ಕೊಲಂಬಿಯಾದಲ್ಲಿ ಆಗ ಬೆಳಗಿನ ಹೊತ್ತು.

0-0. ನೇರ ಪೆನಾಲ್ಟಿ. ಮಗಳು ಚೆಂಡುಹೂವನ್ನು ಮುಷ್ಟಿಯಲ್ಲಿ ಹಿಡಿದು ಎಸಳು ಎಸಳು ಮಾಡಿಬಿಟ್ಟಿದ್ದಳು. ಹೊಡೆದವರು ಹೊಡೆಯುತ್ತ ಹೋದರು. ಐದೈದು ಮುಗಿದರೂ ಇತ್ಯರ್ಥವಿಲ್ಲ. ಕೊಲಂಬಿಯಾದ ಗೋಲ್‌ಕೀಪರ್ ಲೂಯಿಸಾ ಅಗುಡೆಲೊ ಗೆರೆಯ ಮೇಲೆ ಆಚೀಚೆ ಕುಣಿಯುವುದನ್ನು ನೋಡಿ ಅಕ್ಕ ನನ್ನ ತೊಡೆ ಹಿಂಡಿದಳು.

"ಆ ಚಪ್ಪಲ್ ಹುಡುಗಿ ಕಥಿ ಹೇಳಿದ್ದಿಲ್ಲ, ಆಕಿ ಹೇಳಿದ್ದು ಖರೆ ಐತಿ. ನೋಡು, ಹೊಡ್ಯಾಕಿ ಯಾ ಕಡೆ ನೋಡ್ತಾಳ ನೋಡು!"

6-5. ಕೊಲಂಬಿಯಾ ಫೈನಲ್ಲಿಗೆ. ಆ ದೇಶದ ಗಂಡಸರಾಗಲಿ ಹೆಂಗಸರಾಗಲಿ ಯಾವ ಫೀಫಾ ವಿಶ್ವಕಪ್ಪಿನಲ್ಲೂ ಇಷ್ಟು ದೂರ ಬಂದಿರಲಿಲ್ಲ. ಕೆಳಗೆ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾಗಿದ್ದರು. ಇನ್ನೊಂದು ಕಡೆ ನೈಜೀರಿಯಾದವರು ಕೂತಲ್ಲೇ ಕೂತಿದ್ದರು. ಅಕ್ಕ ಆ ಕಡೆಯೇ ನೋಡುತ್ತಿದ್ದಳು.

ರಾತ್ರಿ ಎಂಟಕ್ಕೆ ಸ್ಪೇನ್–ಜರ್ಮನಿ. ಹೋಳಿಗೆ ತಣ್ಣಗಾಗುತ್ತದೆ ಅಂತ ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಇಬ್ಬರೂ ನನ್ನನ್ನು ತಿರುಗಿ ನೋಡಿದರು. ಸುಮ್ಮನಾದೆ. 89 ನಿಮಿಷ 0-0. ಈ ಸಲ ಯಾರೂ ಏಳಲಿಲ್ಲ. 90ನೇ ನಿಮಿಷದಲ್ಲಿ ಸ್ಪೇನಿನ ಲೂಸಿಯಾ ಕೊರಾಲೆಸ್ ಗೋಲು ಹೊಡೆದಳು. ಇದನ್ನು ನೋಡಿದೆ, ಕಣ್ಣಾರೆ, ಕೂತಲ್ಲಿಂದಲೇ.

ಹೊರಗೆ ಬರುವಾಗ ಮಗಳು ನನ್ನ ಕೈ ಹಿಡಿದುಕೊಂಡಳು. ನಾಲ್ಕು ದಿನದ ಮೇಲೆ.

ಅಕ್ಟೋಬರ್ 27, ಗುರುವಾರ

ಮಾಂಡವಿ ಎಕ್ಸ್‌ಪ್ರೆಸ್. ಹಗಲು ಗಾಡಿ. ಇದರ ತಿಂಡಿ-ಊಟ ಚೆನ್ನಾಗಿರುತ್ತದೆ ಅಂತ ಕೇಳಿದ್ದೆ. ಆದರೆ ಅಕ್ಕ ಕಟ್ಟಿಕೊಟ್ಟ ಹೋಳಿಗೆ ಡಬ್ಬಿ ಇಟ್ಟುಕೊಂಡು ಇನ್ನೊಂದನ್ನು ಕೊಳ್ಳುವ ಧೈರ್ಯ ನನಗಿಲ್ಲ.

ಅಕ್ಟೋಬರ್ 30, ಭಾನುವಾರ. ನೆರೂಲ್

ಎರಡು ದಿನ ಕಳೆದರೆ ರಾಜ್ಯೋತ್ಸವ. ಕನ್ನಡ ಸಂಘದವರು ಕೊಟ್ಟ ಹಳದಿ-ಕೆಂಪು ಶಲ್ಯ ಕುರ್ಚಿಯ ಮೇಲಿತ್ತು. ಮಗಳು ಅದನ್ನೇ ಹೆಗಲಿಗೆ ಹಾಕಿಕೊಂಡಳು. ಹಳದಿ ಕೊಲಂಬಿಯಾ ಬಣ್ಣ, ಕೆಂಪೂ ಅವರ ಬಾವುಟದಲ್ಲಿದೆ, ನೀಲಿ ಇಲ್ಲದಿದ್ದರೆ ಪರವಾಗಿಲ್ಲ ಅಂತ ಅವಳ ಲೆಕ್ಕ. ಗೇಟಿನಲ್ಲಿ ಒಬ್ಬರು "ಓಹೋ, ಸ್ಪೇನ್ ಸಪೋರ್ಟರ್!" ಅಂದರು. ಸ್ಪೇನ್ ಬಾವುಟವೂ ಕೆಂಪು-ಹಳದಿ ಅಂತ ಆಗ ಇಬ್ಬರಿಗೂ ಹೊಳೆಯಿತು. ಮಗಳು ಶಲ್ಯವನ್ನು ಮಡಚಿ ಹಳದಿ ಮಾತ್ರ ಕಾಣುವ ಹಾಗೆ ಮಾಡಿದಳು. ಹತ್ತು ನಿಮಿಷಕ್ಕೊಮ್ಮೆ ಕೆಂಪು ಹೊರಗೆ ಇಣುಕುತ್ತಿತ್ತು.

ಮೊದಲು ಮೂರನೇ ಸ್ಥಾನದ ಪಂದ್ಯ. ನೈಜೀರಿಯಾ 3-0 ಮುಂದಿತ್ತು. ಜರ್ಮನಿ ಕೊನೆಯಲ್ಲಿ ಮೂರು ಹೊಡೆದು 3-3 ಮಾಡಿತು. ಮತ್ತೆ ಒಮಿಲಾನಾ ಇಳಿದಳು, ಪೆನಾಲ್ಟಿಯಲ್ಲಿ 3-2 ನೈಜೀರಿಯಾ. ಅಕ್ಕನಿಗೆ ಮೆಸೇಜ್ ಹಾಕಿದೆ. ಅದೇ ಹೊತ್ತಿಗೆ ಪರ್ತ್‌ನಲ್ಲಿ ಭಾರತ–ದಕ್ಷಿಣ ಆಫ್ರಿಕಾ ಕ್ರಿಕೆಟ್ ನಡೆಯುತ್ತಿತ್ತು. ಹಿಂದಿನ ಸಾಲಿನವರು ಮೊಬೈಲಿನಲ್ಲಿ ಅದನ್ನೂ ನೋಡುತ್ತಿದ್ದರು. ಭಾರತ ಸೋತಿತು.

ಎಂಟಕ್ಕೆ ಫೈನಲ್. 12ನೇ ತಾರೀಕಿನ ಅದೇ ಎರಡು ಟೀಮು, ಅದೇ ಹುಲ್ಲು. ಆವತ್ತು ಎಷ್ಟು ಕಂಡಿತ್ತೋ ಅದರ ಹತ್ತರಷ್ಟು ಇವತ್ತು ಕಂಡಿತು. ಸ್ಪೇನಿನವರು ಚೆಂಡನ್ನು ಕಸೂತಿ ಹಾಕಿದ ಹಾಗೆ ಆಚೀಚೆ ಪೋಣಿಸುತ್ತಾರೆ. ಕೊಲಂಬಿಯಾದವರು ಕಾಯುತ್ತಾರೆ. ದಾರ ಕಡಿದರೆ ಓಡುತ್ತಾರೆ. ಲಿಂಡಾ ಓಡಿದಾಗಲೆಲ್ಲ ನಾನು ನನಗರಿವಿಲ್ಲದೆ ಅರ್ಧ ಎದ್ದಿರುತ್ತಿದ್ದೆ. ಸಮಯ ಹೋಗುತ್ತಿತ್ತು. ಮತ್ತೆ ಪೆನಾಲ್ಟಿ ಅಂದುಕೊಂಡೆವು.

82ನೇ ನಿಮಿಷ. ಚೆಂಡು ಕೊಲಂಬಿಯಾದ ಬಲೆಯಲ್ಲಿತ್ತು. ಹೊಡೆದವರು ಯಾರು ಅಂತ ನಾನು ಸ್ಪೇನಿನ ಕೆಂಪು ಅಂಗಿಗಳಲ್ಲಿ ಹುಡುಕುತ್ತಿದ್ದೆ. ಮಗಳು ಮೆಲ್ಲಗೆ ಹೇಳಿದಳು. "ಅವರಲ್ಲ ಅಮ್ಮ. ಇವಳೇ." ಕೊಲಂಬಿಯಾದ ಡಿಫೆಂಡರ್ ಆನಾ ಮರಿಯಾ ಗುಸ್ಮಾನ್. ಅವಳಿಂದ ಚೆಂಡು ಅವರದೇ ಗೋಲಿಗೆ ಹೋಗಿತ್ತು. 1-0. ಮುಗಿದದ್ದೂ ಹಾಗೇ.

ಟೂರ್ನಿಯ ಅತ್ಯುತ್ತಮ ಆಟಗಾರ್ತಿಗೆ ಕೊಡುವ ಗೋಲ್ಡನ್ ಬಾಲ್ ವಿಕಿ ಲೋಪೆಸ್‌ಗೆ, ಕಪ್ಪು ಮತ್ತೆ ಸ್ಪೇನಿಗೆ. ಬಂಗಾರ ಬಣ್ಣದ ಕಾಗದಗಳು ಹಾರುತ್ತಿದ್ದವು. ಜನ ಇಳಿಯತೊಡಗಿದರು. ನಾವು ಕೂತೇ ಇದ್ದೆವು.

"ಪಾಪ, ಆ ಹುಡುಗಿ" ಅಂದೆ.

"ಡಿಫೆಂಡರ್ ಅಂದ್ರೆ ಹಾಗೇ ಅಮ್ಮ. ಮುಂದಿರೋರು ತಪ್ಪಿಸಿದ್ರೆ 'ಛೆ, ಮಿಸ್' ಅಂತಾರೆ. ನಾವು ತಪ್ಪಿದ್ರೆ ಬೋರ್ಡ್ ಮೇಲೆ ಹೆಸರು ಬರುತ್ತೆ." ಶಲ್ಯದ ತುದಿಯನ್ನು ಬೆರಳಿಗೆ ಸುತ್ತುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವಳು ಅಲ್ಲಿ ಇದ್ಲಲ್ಲ. ಅಲ್ಲಿರೋದೇ ಅವಳ ಕೆಲಸ."

ನಡೆದುಕೊಂಡೇ ಮನೆಗೆ ಬಂದೆವು. ರಿಕ್ಷಾ ಸಿಗುವುದಿಲ್ಲ ಅಂತ ಗೊತ್ತಿತ್ತು. ಬಾಗಿಲ ಬೀಗ ತೆಗೆಯುವಾಗ ಅಕ್ಕನ ಫೋನು.

"ಸೋತ್ರೇನs ನಮ್ಮವರು?"

"ಸೋತ್ರು ಅಕ್ಕ."

"ಅದೇ ಸ್ಪೇನಾ?"

"ಅದೇ. ಮೊದಲಿನ ಹಾಗೇ ಒಂದೇ ಗೋಲು."

"ಗೋಲ್ ಎಷ್ಟೊತ್ತಿಗೆ ಆತು?"

"82ನೇ ನಿಮಿಷಕ್ಕೆ."

"ಮತ್ತ ನೀ? ಎದ್ದು ಹೊಂಟಿದ್ದಿಲ್ಲ ಹೌದಲ್ಲೋ?"